ಎಲೆ ತೋರಿಸುವುದಾದರೆ ಎಲ್ಲರಿಗೂ ತೋರಿಸಿ

ದೀಪಾವಳಿ ಬಂತೆಂದರೆ ಹೊಳೆಆಲೂರು, ರೋಣದ ಸುತ್ತಮುತ್ತ ಇಸ್ಪೀಟ್ ಎಲೆಗಳು ಹೊರಗೆ ಬರುತ್ತವೆ. ಅದರ ಜೊತೆ ಜಗಳವೂ ಬರುತ್ತದೆ. ಬಹಳಷ್ಟು ಜಗಳ ಶುರುವಾಗುವುದು ಒಂದೇ ಮಾತಿಗೆ: ‘ನಿನ್ನ ಎಲಿ ತೋರಸು.’

ಹಾಗಾದರೆ ಯಾರು, ಯಾವಾಗ, ಯಾರಿಗೆ ತೋರಿಸಬೇಕು? ತೀನ್ ಪತ್ತಿಯಲ್ಲಿ ಇದಕ್ಕೆ ನಿಯಮ ಇದೆ. ಕೊನೆಗೆ ಇಬ್ಬರೇ ಉಳಿದಾಗ ಒಬ್ಬ ದುಡ್ಡು ಕಟ್ಟಿ ಶೋ ಕೇಳಬಹುದು. ಆಗ ಇಬ್ಬರೂ ಎಲೆ ತೆರೆದಿಡಬೇಕು. ಎರಡೂ ಸಮ ಬಂದರೆ ಶೋ ಕೇಳಿದವನೇ ಸೋತ ಹಾಗೆ. ಉಳಿದವರೆಲ್ಲ ಪ್ಯಾಕ್ ಆದರೆ ಗೆದ್ದವನು ಎಲೆ ತೋರಿಸಬೇಕಾಗಿಲ್ಲ. ಪ್ಯಾಕ್ ಆದವನ ಎಲೆ ತಿರುವಿ ನೋಡುವ ಹಕ್ಕೂ ಯಾರಿಗೂ ಇಲ್ಲ.

ಇದರ ದೂರದ ನೆಂಟ ಪೋಕರ್. ಅಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಆಟ ಮುಗಿದ ಮೇಲೆ ಪಕ್ಕದವನೊಬ್ಬನಿಗೆ ಎಲೆ ತೋರಿಸಿದರೆ, ಕೂತ ಎಲ್ಲರಿಗೂ ತೋರಿಸಬೇಕು. ಬಾಯಲ್ಲಿ ಏನೇ ಹೇಳಿದರೂ ನೆಲದ ಮೇಲೆ ತೆರೆದಿಟ್ಟ ಎಲೆಯದ್ದೇ ಲೆಕ್ಕ.

ಈ ಪದ್ಧತಿ ನಮ್ಮ ಕಟ್ಟೆಗೂ ಬರಬೇಕು ಎನ್ನುತ್ತೇವೆ ನಾವು. ಎಲೆ ಮುಚ್ಚಿಟ್ಟುಕೊಳ್ಳುವುದು ಮೋಸವಲ್ಲ, ಅದೇ ಆಟ. ಒಬ್ಬನಿಗೆ ಮಾತ್ರ ತೋರಿಸುವುದು ಮೋಸ. ಇಬ್ಬರು ಒಳಗೊಳಗೇ ಎಲೆ ತೋರಿಸಿಕೊಂಡರೆ ಮೂರನೆಯವನು ಎಷ್ಟೇ ಜಾಣನಾದರೂ ಸೋಲುತ್ತಾನೆ. ಹಿಂದೆ ನಿಂತು ನೋಡುವವನು ಕೆಮ್ಮಿ, ಕಣ್ಣು ಹೊಡೆದು ಸುಳಿವು ಕೊಟ್ಟರೂ ಅಷ್ಟೇ. ಹಾಗೆ ಬರಿಗೈಯಾಗಿ ಏಳುವವನು ಹೆಚ್ಚಾಗಿ ಆಟಕ್ಕೆ ಹೊಸಬ, ನಿಯಮ ಗೊತ್ತಿಲ್ಲದ ಹುಡುಗ.

ಮೊಬೈಲಿನ ಆಟದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಎದುರಿನ ಇಬ್ಬರು ಒಂದೇ ಕೋಣೆಯಲ್ಲಿ ಕೂತು ಎಲೆ ಹಂಚಿಕೊಳ್ಳುತ್ತಿದ್ದರೆ ನಿಮಗೆ ತಿಳಿಯುವುದು ಹೇಗೆ? ಕಟ್ಟೆಯಲ್ಲಾದರೆ ಮುಖ ಕಾಣುತ್ತದೆ, ಕೇಳಲು ಹಿರಿಯರಿರುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೂ ಲಿಂಕ್ ಕಳಿಸುವವರು ಇದ್ದೇ ಇರುತ್ತಾರೆ. ಒತ್ತಬೇಡಿ.

‘ಇದು ಬುದ್ಧಿವಂತಿಕೆ ಆಟ, ಪೊಲೀಸರು ಏನೂ ಮಾಡೂದಿಲ್ಲ’ ಎನ್ನುವವರಿಗೂ ಒಂದು ಮಾತು. ರಮ್ಮಿಯಲ್ಲಿ ಮುಖ್ಯವಾದದ್ದು ಕೌಶಲ ಎಂದು 1967ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ, ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದೂ ಹೇಳಿದೆ. ದುಡ್ಡಿಟ್ಟು ತೀನ್ ಪತ್ತಿ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಅಡಿ ಕೇಸು ಬೀಳಬಹುದು.

ಹಬ್ಬಕ್ಕೆ ಆಡುವುದಾದರೆ ದುಡ್ಡು ಬಿಡಿ, ಹುಣಸೆ ಬೀಜ ಇಟ್ಟು ಆಡಿ. ಎಲೆ ಹಂಚುವ ಮುಂಚೆಯೇ ಮೂರು ಮಾತು ಖಚಿತ ಮಾಡಿಕೊಳ್ಳಿ: ಪ್ಯಾಕ್ ಆದವರ ಎಲೆ ಮುಟ್ಟಬಾರದು, ಹಿಂದೆ ನಿಂತವರು ಬಾಯಿ ಬಿಡಬಾರದು, ಒಬ್ಬರಿಗೆ ತೋರಿಸಿದ ಎಲೆ ಎಲ್ಲರಿಗೂ ತೋರಿಸಬೇಕು. ಇದಕ್ಕೆ ಒಪ್ಪದವನ ಜೊತೆ ಕೂರಲೇಬೇಡಿ.