ಬರೆಯಲು ನಾಲ್ವರು, ಓದಲು ಒಬ್ಬರೇ

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಕರಿ ಪರದೆ ಮತ್ತೆ ಮೆರೆಯುತ್ತಿದೆ. ಬಟನ್ನಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ: ಅದೇ ಟರ್ಮಿನಲ್. 2025ರ ಫೆಬ್ರವರಿಯಲ್ಲಿ ಆಂಥ್ರೋಪಿಕ್‌ನ ಕ್ಲಾಡ್ ಕೋಡ್ ಬಂತು, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ಮೂರೂ ಕಮಾಂಡ್ ಲೈನ್‌ನಲ್ಲೇ ದುಡಿಯುವ ಏಜೆಂಟ್‌ಗಳು. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಜಾತಿಯವಲ್ಲ. ಫೈಲ್ ತೆರೆದು ಓದುತ್ತವೆ, ತಿದ್ದುತ್ತವೆ, ಟೆಸ್ಟ್ ಓಡಿಸುತ್ತವೆ, ಫೇಲಾದರೆ ಮತ್ತೆ ತಿದ್ದುತ್ತವೆ.

ಅಷ್ಟು ಹೊತ್ತು ಕೆಲಸ ಕೊಟ್ಟವರು ಕೈಕಟ್ಟಿ ಕೂರಬೇಕಲ್ಲ! ಯಾರೂ ಕೂರುವುದಿಲ್ಲ. ಟಿ-ಮಕ್ಸ್ ಎಂಬ ಟೂಲ್‌ನಲ್ಲಿ ಪರದೆಯನ್ನು ನಾಲ್ಕು ಭಾಗ ಮಾಡಿ ನಾಲ್ಕು ಏಜೆಂಟ್‌ಗಳಿಗೆ ಕೆಲಸ ಹಚ್ಚುತ್ತಾರೆ. ಒಂದೇ ಫೈಲಿಗೆ ಎಲ್ಲವೂ ಕೈ ಹಾಕಿ ರಾದ್ಧಾಂತವಾಗದಿರಲಿ ಎಂದು ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ವರ್ಕ್‌ಟ್ರೀ ಬಳಸಿ ಒಂದೊಂದಕ್ಕೂ ಬೇರೆ ಫೋಲ್ಡರ್, ಬೇರೆ ಬ್ರಾಂಚ್ ಕೊಡುತ್ತಾರೆ. ಟಿ-ಮಕ್ಸ್ 2007ರದು, ವರ್ಕ್‌ಟ್ರೀ ಗಿಟ್‌ಗೆ ಸೇರಿದ್ದು 2015ರಲ್ಲಿ. ಮೂಲೆಯಲ್ಲಿದ್ದ ಹಳೆಯ ಸಾಮಾನುಗಳಿಗೆ ಈಗ ಭಾರಿ ಬೇಡಿಕೆ. ‘ನಾನು ಒಟ್ಟಿಗೆ ಆರು ಓಡಿಸ್ತೀನಿ’ ಎಂದು ಕ್ಯಾಂಟೀನ್‌ನಲ್ಲಿ ಜಂಬ ಕೊಚ್ಚುವವರೂ ಇದ್ದಾರೆ.

ಓಡಿಸಲಿ, ಬೇಡ ಅನ್ನುವುದಿಲ್ಲ. ಆರೂ ಏಜೆಂಟ್‌ಗಳು ಬರೆದದ್ದನ್ನು ಓದುವವರು ಯಾರು ಅನ್ನುವುದಷ್ಟೇ ನನ್ನ ತಕರಾರು.

ಫೋಲ್ಡರ್ ಬೇರೆ ಮಾಡಿದ ಮಾತ್ರಕ್ಕೆ ಜಗಳ ಮುಗಿಯುವುದಿಲ್ಲ. ಒಂದು ಆನ್‌ಲೈನ್ ಅಂಗಡಿಯ ಕೋಡ್ ಇದೆ ಅನ್ನಿ. ಬಿಲ್ ಮೊತ್ತ ಲೆಕ್ಕ ಹಾಕುವ ಫಂಕ್ಷನ್ನನ್ನು ಅಚ್ಚುಕಟ್ಟು ಮಾಡು ಎಂದು ಮೊದಲನೆಯ ಏಜೆಂಟ್‌ಗೆ ಹೇಳಿದಿರಿ. ಅದು ಜಿಎಸ್‌ಟಿ ಸೇರಿಸಿಯೇ ಮೊತ್ತ ಬರುವಂತೆ ಬದಲಿಸಿತು, ಆ ಫಂಕ್ಷನ್ ಬಳಸುವ ಹಳೆಯ ಜಾಗಗಳನ್ನೆಲ್ಲ ಹುಡುಕಿ ಸರಿಪಡಿಸಿತು. ಅದೇ ಹೊತ್ತಿಗೆ ಎರಡನೆಯದು ತನ್ನ ಫೋಲ್ಡರ್‌ನಲ್ಲಿ ಹೊಸ ರಸೀದಿ ಪುಟ ಬರೆಯುತ್ತಿತ್ತು. ಹಳೆಯ ಪದ್ಧತಿಯಂತೆ ಫಂಕ್ಷನ್ ಕರೆದು, ಬಂದ ಮೊತ್ತದ ಮೇಲೆ ಜಿಎಸ್‌ಟಿ ಹಾಕಿತು. ಎರಡರ ಟೆಸ್ಟೂ ಹಸಿರು. ಎರಡನ್ನೂ ಒಂದಾಗಿಸಿ ಮರ್ಜ್ ಮಾಡುವಾಗ ಗಿಟ್ ಚಕಾರವೆತ್ತುವುದಿಲ್ಲ, ಏಕೆಂದರೆ ಬದಲಾದ ಫೈಲುಗಳೇ ಬೇರೆ ಬೇರೆ. ಸೇರಿಸಿದ ಮೇಲೆ ಮತ್ತೊಮ್ಮೆ ಟೆಸ್ಟ್ ಓಡಿಸದಿದ್ದರೆ, ಎರಡೂ ಡಿಫ್ (ಬದಲಾದ ಸಾಲುಗಳು) ಒಬ್ಬರ ಕಣ್ಣಿಗೆ ಬೀಳದಿದ್ದರೆ, ಗಿರಾಕಿ ಎರಡೆರಡು ಸಲ ತೆರಿಗೆ ಕಟ್ಟುತ್ತಾನೆ.

ಅನುಮತಿಯ ಕಥೆ ಇನ್ನೊಂದು. ಕಮಾಂಡ್ ಓಡಿಸುವ ಮೊದಲು ಏಜೆಂಟ್ ‘ಮಾಡಲೇ?’ ಎಂದು ಕೇಳುತ್ತದೆ. ಒಂದೇ ಇದ್ದರೆ ಓದಿ ಒಪ್ಪಿಗೆ ಕೊಡುತ್ತೀರಿ. ನಾಲ್ಕೂ ಕಡೆಯಿಂದ ಕೇಳತೊಡಗಿದರೆ ಬೆರಳು ತಾನಾಗಿ ‘ಹೂಂ’ ಒತ್ತುತ್ತಿರುತ್ತದೆ. ಕೊನೆಗೆ ಆ ಕಿರಿಕಿರಿಯೂ ಬೇಡವೆಂದು ಏಜೆಂಟ್ ಕೇಳದಂತೆಯೇ ಮಾಡಿಬಿಡುತ್ತಾರೆ. ಕ್ಲಾಡ್ ಕೋಡ್‌ನಲ್ಲಿ ಆ ಆಯ್ಕೆಯ ಹೆಸರಿನೊಳಗೇ ಇದು ಅಪಾಯಕಾರಿ ಎಂದು ಬರೆದಿದ್ದಾರೆ. ಸಿಗರೇಟು ಪ್ಯಾಕಿನ ಎಚ್ಚರಿಕೆಗೆ ಸಿಗುವಷ್ಟೇ ಮರ್ಯಾದೆ ಅದಕ್ಕೂ ಸಿಗುತ್ತಿದೆ. ಕೇಳದೆ ಓಡಿದರೆ ಏನಾದೀತು? 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ಕೋಡಿಂಗ್ ವೇದಿಕೆಯ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಬಳಕೆದಾರರೊಬ್ಬರ ಅಸಲಿ ಡೇಟಾಬೇಸನ್ನು ಅಳಿಸಿಹಾಕಿತ್ತು. ಅಲ್ಲಿದ್ದದ್ದು ಒಂದೇ ಏಜೆಂಟ್.

ವೇಗದ ಲೆಕ್ಕವನ್ನೂ ಸ್ವಲ್ಪ ನೋಡೋಣ. ಎಐ ಮಾದರಿಗಳನ್ನು ಪರೀಕ್ಷಿಸುವ ಅಮೆರಿಕದ ಮೀಟರ್ (METR) ಸಂಸ್ಥೆ 2025ರಲ್ಲಿ ಅನುಭವಸ್ಥ 16 ಡೆವಲಪರ್‌ಗಳು ತಮಗೆ ಚೆನ್ನಾಗಿ ಪರಿಚಯವಿದ್ದ ಪ್ರಾಜೆಕ್ಟ್‌ಗಳಲ್ಲೇ ಮಾಡಿದ 246 ಕೆಲಸಗಳನ್ನು ಅಳೆದು ನೋಡಿತು. ಎಐ ಬಳಸಿದಾಗ ಸಮಯ ಶೇ 19ರಷ್ಟು ಹೆಚ್ಚೇ ಹಿಡಿಯಿತು. ಕೆಲಸ ಮುಗಿಸಿದವರು ಮಾತ್ರ ತಮಗೆ ಶೇ 20ರಷ್ಟು ಸಮಯ ಉಳಿಯಿತು ಎಂದೇ ನಂಬಿದ್ದರು. ಟೂಲ್‌ಗಳು ಆಮೇಲೆ ಸುಧಾರಿಸಿವೆ, ನಿಜ. ಆದರೆ ನಮ್ಮ ವೇಗವನ್ನು ನಾವೇ ಅಂದಾಜು ಮಾಡಿಕೊಳ್ಳುವ ಚಾಳಿ ಸುಧಾರಿಸಿದಂತೆ ಕಾಣುವುದಿಲ್ಲ.

ಪ್ರೋಗ್ರಾಮರ್ ಈಗ ಮೇಸ್ತ್ರಿಯಾಗಿದ್ದಾನೆ ಎನ್ನುತ್ತಾರೆ. ಒಪ್ಪೋಣ. ಆದರೆ ವರ್ಷಗಟ್ಟಲೆ ಕರಣೆ ಹಿಡಿದ ಮೇಲಷ್ಟೇ ಮೇಸ್ತ್ರಿಗೆ ಸೊಟ್ಟ ಗೋಡೆ ದೂರದಿಂದ ಕಾಣುವುದು. ಈ ವರ್ಷ ಕ್ಯಾಂಪಸ್‌ನಿಂದ ಬಂದ ಹುಡುಗ ಹುಡುಗಿಯರ ಕೈಗೆ ಮೊದಲ ದಿನವೇ ನಾಲ್ಕು ಏಜೆಂಟ್ ಕೊಟ್ಟರೆ ಆ ಕಣ್ಣು ಅವರಿಗೆ ಬರುವುದೆಲ್ಲಿಂದ? ಕಂಪನಿಗಳು ಈ ಪ್ರಶ್ನೆಯನ್ನು ಮುಂದೂಡುತ್ತಿವೆ, ಅದು ತಪ್ಪು.

ಟೀಮ್ ಲೀಡ್‌ಗಳಲ್ಲಿ ಒಂದು ವಿನಂತಿ. ಸೋಮವಾರದ ಮೀಟಿಂಗ್‌ನಲ್ಲಿ ಯಾರು ಎಷ್ಟು ಏಜೆಂಟ್ ಓಡಿಸಿದರೆಂದು ಕೇಳುವುದನ್ನು ಬಿಡಿ. ಮರ್ಜ್ ಆದ ಒಂದು ಬದಲಾವಣೆಯನ್ನು ಎತ್ತಿಕೊಂಡು, ಅದಕ್ಕೆ ಸಹಿ ಹಾಕಿದವರಿಂದಲೇ ಸಾಲು ಸಾಲಾಗಿ ವಿವರಿಸಿ ಹೇಳಿಸಿ. ಹೇಳಲಾಗದಿದ್ದರೆ ಮುಂದಿನ ವಾರ ಅವರ ಏಜೆಂಟ್‌ಗಳಲ್ಲಿ ಒಂದನ್ನು ಕಡಿಮೆ ಮಾಡಿ.