ಬಳಸಿದ ಪಿಕಪ್ ವಾಹನದ ಖರೀದಿ: ಅಗ್ಗದ ಬೆಲೆಯೇ ಮಾನದಂಡವಲ್ಲ

ಮಂಡಿಯಿಂದ ಅಂಗಡಿಗೆ, ಕಾರ್ಖಾನೆಯಿಂದ ಗಿರಾಕಿಯ ಬಾಗಿಲಿಗೆ ಸರಕು ಸಾಗಿಸಲು ಸ್ವಂತ ವಾಹನವೊಂದಿರಬೇಕೆಂಬುದು ಸಣ್ಣ ವರ್ತಕರ ಹಾಗೂ ಉತ್ಪಾದಕರ ಸಹಜ ಅಪೇಕ್ಷೆ. ಹೊಸ ಪಿಕಪ್ ವಾಹನಕ್ಕೆ ಬೇಕಾದ ಹಣವನ್ನು ದುಡಿಯುವ ಬಂಡವಾಳದಿಂದ ತೆಗೆಯುವುದು ಕಷ್ಟವಾದಾಗ ಅವರ ದೃಷ್ಟಿ ಬಳಸಿದ ವಾಹನದತ್ತ ಹೊರಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಲೆಯೊಂದನ್ನೇ ನೋಡಿ, ದಾಖಲೆಗಳನ್ನು ಆಮೇಲೆ ಸರಿಪಡಿಸಿಕೊಳ್ಳೋಣವೆಂದು ವ್ಯವಹಾರ ಮುಗಿಸುವ ರೂಢಿ ಮಾತ್ರ ಅಪಾಯಕಾರಿಯಾದುದು.

ಮೊದಲು ಬೆಲೆಯ ಲೆಕ್ಕವನ್ನೇ ಪರಿಶೀಲಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆ ಸೇರಿ 10 ಲಕ್ಷ ರೂಪಾಯಿ ಬೆಲೆಯ ವಾಹನದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ ತೆರಿಗೆಯದೇ ಪಾಲು. ತೆರಿಗೆಗೊಳಪಡುವ ವಹಿವಾಟು ನಡೆಸುವ ನೋಂದಾಯಿತ ವರ್ತಕನು ಸರಕು ಸಾಗಣೆ ವಾಹನದ ಮೇಲೆ ತೆತ್ತ ಈ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಲು ಅವಕಾಶವಿದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯವಿಲ್ಲ. ನೋಂದಣಿಯಿಲ್ಲದ ಮಾಲೀಕನಿಂದ ಕೊಂಡ ಹಳೆಯ ವಾಹನಕ್ಕೆ ಇಂತಹ ಜಮೆಯೇ ಇರುವುದಿಲ್ಲ. ಆದುದರಿಂದ ಹೊಸದಕ್ಕೂ ಹಳೆಯದಕ್ಕೂ ಇರುವ ನಿಜವಾದ ಅಂತರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕಡಿಮೆ.

ಎರಡನೆಯದು ವಾಹನದ ಸ್ಥಿತಿ. ಕಿಲೋಮೀಟರ್ ಮಾಪಕದ ಅಂಕಿಗಳನ್ನು ತಿದ್ದಬಹುದು. ಅತಿಭಾರ ಹೊತ್ತ ಚಾಸಿಸ್‌ನ ಗುರುತುಗಳನ್ನು ಮುಚ್ಚುವುದು ಅಷ್ಟು ಸುಲಭವಲ್ಲ. ಚಾಸಿಸ್ ಮೇಲಿನ ವೆಲ್ಡಿಂಗ್, ಚಪ್ಪಟೆಯಾದ ಹಿಂದಿನ ಸ್ಪ್ರಿಂಗ್‌ಗಳು, ಒಂದೇ ಬದಿ ಸವೆದ ಟೈರುಗಳು ವಾಹನ ಸವೆಸಿದ ದಾರಿಯನ್ನು ತಿಳಿಸುತ್ತವೆ. ನಂಬಿಕಸ್ಥ ಮೆಕ್ಯಾನಿಕ್ ಒಬ್ಬನಿಂದ, ಸಾಧ್ಯವಾದರೆ ಭಾರ ಹೇರಿ ಓಡಿಸಿ, ಪರೀಕ್ಷಿಸುವುದು ಲೇಸು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷವೂ ಅರ್ಹತಾ ಪತ್ರ ಪಡೆಯಬೇಕು. ಹದಿನೈದು ವರ್ಷ ದಾಟಿದವುಗಳ ಅರ್ಹತಾ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಲಾಯಿತು. ಒಟ್ಟು ಭಾರ 3,000 ಕಿಲೋಗ್ರಾಂ ಮೀರಿದ ಸರಕು ವಾಹನಕ್ಕೆ ಪರವಾನಗಿಯೂ ಅಗತ್ಯ. ಪ್ರಾಧಿಕಾರದ ಅನುಮತಿಯಿಲ್ಲದೆ ಅದು ಕೊಂಡವನಿಗೆ ವರ್ಗವಾಗುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದುದು ಹೆಸರು ವರ್ಗಾವಣೆ. ಖಾಲಿ ನಮೂನೆಗಳಿಗೆ ಸಹಿ ಪಡೆದು, ಹಣ ಎಣಿಸಿಕೊಟ್ಟು, ಕೀಲಿಕೈ ಪಡೆಯುವುದರೊಂದಿಗೆ ವ್ಯವಹಾರ ಮುಗಿಯಿತೆಂದು ಭಾವಿಸುವವರು ಬಹಳ. 1988ರ ಮೋಟಾರು ವಾಹನ ಕಾಯಿದೆಯ 50ನೇ ಪ್ರಕರಣದ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ಸಾಲದ ನಮೂದು ಇದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಸಹಿಯಿರುವ ನಮೂನೆ 35 ದೊರೆಯುವವರೆಗೆ ಪೂರ್ಣ ಹಣ ಪಾವತಿಸದಿರುವುದು ವಿವೇಕ.

ಇದರ ನಿರ್ಲಕ್ಷ್ಯ ಮಾರಿದವನನ್ನೂ ಬಿಡುವುದಿಲ್ಲ. ಹಲವು ಕೈ ಬದಲಾದರೂ ಹೆಸರು ಬದಲಾಗದಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರುಳ್ಳವನೇ ಮಾಲೀಕನೆಂದೂ ಪರಿಹಾರದ ಹೊಣೆ ಆತನದೇ ಎಂದೂ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ವಾಹನದೊಂದಿಗೆ ವಿಮೆ ತಾನಾಗಿಯೇ ವರ್ಗವಾಗುವುದು ಮೂರನೆಯವರ ಹಾನಿಯ ಮಟ್ಟಿಗೆ ಮಾತ್ರವೆಂದು ಅದೇ ನ್ಯಾಯಾಲಯ 1996ರಲ್ಲಿಯೇ ಹೇಳಿದೆ. ಅಂದರೆ ವಿಮಾ ಪತ್ರದಲ್ಲಿ ಹೆಸರು ಬದಲಾಗದಿದ್ದರೆ, ಕೊಂಡವನು ಸ್ವಂತ ವಾಹನದ ಹಾನಿಗೆ ಪರಿಹಾರ ಕೇಳಲಾಗದು.

ಒಂದು ಅಪಘಾತದ ಪರಿಹಾರದ ಮೊತ್ತ ಸಣ್ಣ ಉದ್ದಿಮೆಯೊಂದರ ಹಲವು ವರ್ಷಗಳ ಗಳಿಕೆಯನ್ನು ನುಂಗಬಲ್ಲದು. ದಿನವಹಿ ಖಾತೆಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿಯವರೆಗೆ ಕುಳಿತು ಹುಡುಕುವ ವರ್ತಕರು, ಲಕ್ಷಾಂತರ ರೂಪಾಯಿಯ ವಾಹನವನ್ನು ಬಾಯಿಮಾತಿನ ಮೇಲೆ ಕೊಳ್ಳುವುದೂ ಮಾರುವುದೂ ಸರಿಯಲ್ಲ. ಸಾರಿಗೆ ಕಚೇರಿಯಲ್ಲಿ ಅರ್ಜಿ ಸಲ್ಲಿಕೆಯಾದ ಸ್ವೀಕೃತಿ ಕೈಸೇರಿದ ನಂತರವೇ ಕೊನೆಯ ಕಂತು ಕೈಬದಲಾಗಬೇಕೆಂಬ ಕಟ್ಟುಪಾಡನ್ನು ಉಭಯತರೂ ಪಾಲಿಸುವುದು ಹಿತಕರ.