ಹೆಸರು ಕಳೆದುಕೊಂಡದ್ದು ಕಸ

‘ಪ್ಯಾರೀಸ್ ಕಾರ್ನರ್’ ಎಂದೊಡನೆ ಊರಿನ ಬಂಧುಗಳಿಗೆ ಫ್ರಾನ್ಸಿನ ರಾಜಧಾನಿ ನೆನಪಾಗುತ್ತದೆ. ಆ ನಗರಕ್ಕೂ ಚೆನ್ನೈನ ಈ ಮೂಲೆಗೂ ಯಾವ ನಂಟೂ ಇಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿಗೆ ಬಂದು ವ್ಯಾಪಾರ ಹೂಡಿದ ವೇಲ್ಸ್ ದೇಶದ ಥಾಮಸ್ ಪ್ಯಾರಿ ಎಂಬಾತನ ಹೆಸರು ಇಲ್ಲಿ ಉಳಿದುಕೊಂಡಿದೆ. ಈ ಮೂಲೆಯಿಂದ ಎನ್.ಎಸ್.ಸಿ. ಬೋಸ್ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದು ಬಲಕ್ಕೆ ತಿರುಗಿದರೆ ಕೊತ್ತವಾಲ್ ಚಾವಡಿ. ಕೊತ್ವಾಲನೂ ಚಾವಡಿಯೂ ಕನ್ನಡದ ಕಿವಿಗೆ ಹೊಸಬರಲ್ಲ. 1996ರಲ್ಲಿ ಸಗಟು ವ್ಯಾಪಾರವು ಕೋಯಂಬೇಡಿಗೆ ಸ್ಥಳಾಂತರಗೊಳ್ಳುವವರೆಗೆ ಇಡೀ ಮದರಾಸು ನಗರ ಉಂಡ ತರಕಾರಿ ಬಹುಮಟ್ಟಿಗೆ ಈ ಇಕ್ಕಟ್ಟಿನ ಓಣಿಗಳಿಂದಲೇ ಹೋಗುತ್ತಿತ್ತು. ದೊಡ್ಡ ಮಾರುಕಟ್ಟೆ ಹೋದರೂ ಸುತ್ತಲಿನ ಬೀದಿಗಳು ತರಕಾರಿಯನ್ನು ಮರೆತಿಲ್ಲ. ಕಚೇರಿಗಳು ಬಿಡುವ ಹೊತ್ತಿಗೆ ಪಾದಚಾರಿ ಮಾರ್ಗದ ಅಂಚಿನಲ್ಲಿ ಗೋಣಿಚೀಲ ಹಾಸಿ ಕೀರೈ ಮಾರುವ ಹೆಂಗಸರು ಕೂರುತ್ತಾರೆ. ಅವರು ಎದ್ದು ಹೋದ ಮೇಲೆ ಅಲ್ಲಿ ಬೇರು, ಬಾಡಿದ ಎಲೆ, ಬಲಿತ ದಂಟು ಉಳಿದಿರುತ್ತವೆ. ಒಮ್ಮೊಮ್ಮೆ ಹಸುವೊಂದು ಬಂದು ಅವನ್ನು ತಿನ್ನುತ್ತದೆ; ಹಸು ಬಾರದ ದಿನ ಪೊರಕೆ ಬರುತ್ತದೆ.

ಹಸುವಿನ ಬಾಯಿಗೆ ಮೇವಾದದ್ದು ಪೊರಕೆಯ ತುದಿಗೆ ಕಸವಾಗುತ್ತದೆ. ವಸ್ತು ಒಂದೇ, ಅದನ್ನು ಕರೆಯುವ ಬಗೆ ಬೇರೆ. ಈ ಮೂಲೆಯ ಸಮೀಪದ ಸರ್ಕಾರಿ ಕಚೇರಿಯೊಂದರಲ್ಲಿ ದುಡಿಯುತ್ತ, ಕಲಿತ ಇಂಗ್ಲಿಷ್ ಸಾಹಿತ್ಯವನ್ನು ಕಡತದ ಟಿಪ್ಪಣಿಗಳಲ್ಲಿ ಸವೆಸುತ್ತಿರುವ ನನಗೆ ಈ ಕರೆಯುವ ಬಗೆಯ ಬಗ್ಗೆ ಒಂದು ಮಾತು ಹೇಳಬೇಕೆನಿಸಿದೆ. ಅದಕ್ಕೆ ಕಾರಣ, ಈಚೆಗೆ ಶಾಲೆಗಳಲ್ಲಿಯೂ ಮೊಬೈಲ್ ಪರದೆಗಳಲ್ಲಿಯೂ ಹಬ್ಬಿರುವ ಒಂದು ಹವ್ಯಾಸ. ಈರುಳ್ಳಿಯ ಬುಡವನ್ನು ನೀರಿನ ಲೋಟದಲ್ಲಿಟ್ಟು ಚಿಗುರಿಸುವುದು, ಕ್ಯಾರೆಟ್ಟಿನ ತಲೆಯನ್ನು ತಟ್ಟೆಯಲ್ಲಿಟ್ಟು ಎಲೆ ಬರಿಸುವುದು, ತರಕಾರಿಯ ಸಿಪ್ಪೆಯಿಂದ ಅಡುಗೆ ಮಾಡುವುದು. ಇದೆಲ್ಲವನ್ನೂ ಮಕ್ಕಳ ಕೈಯಲ್ಲಿ ಮಾಡಿಸುವುದು. ಈ ಹವ್ಯಾಸ ನನಗೆ ಇಷ್ಟ. ಅದರ ಪರವಾಗಿ ಸಾಮಾನ್ಯವಾಗಿ ಹೇಳುವ ಕಾರಣಗಳು ಮಾತ್ರ ಇಷ್ಟವಿಲ್ಲ.

ಮೊದಲನೆಯ ಕಾರಣ ಉಳಿತಾಯ. ಇದು ನಿಲ್ಲುವ ಮಾತಲ್ಲ. ಕಿಟಕಿಯ ಕಟ್ಟೆ ಹೊಲವಲ್ಲ. ನೀರಿನಲ್ಲಿಟ್ಟ ಈರುಳ್ಳಿಯ ಬುಡ ತನ್ನಲ್ಲೇ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಚಿಗುರುತ್ತದೆ. ಮಣ್ಣು ಸಿಗದಿದ್ದರೆ ಒಂದೆರಡು ಕೊಯ್ಲಿಗೆ ಸೋಲುತ್ತದೆ. ಕ್ಯಾರೆಟ್ಟಿನ ತಲೆಯಿಂದ ಎಲೆ ಬರುತ್ತದೆ, ಮತ್ತೊಂದು ಕ್ಯಾರೆಟ್ ಎಂದಿಗೂ ಬಾರದು. ನಾಲ್ಕು ಕುಂಡಗಳ ಪುದೀನ ತಿಂಗಳಿಗೆ ಒಂದೆರಡು ಬಾರಿ ಚಟ್ನಿಗಾದರೆ ಹೆಚ್ಚು. ಎರಡನೆಯ ಕಾರಣ, ಇದು ಹೊಸ ಆವಿಷ್ಕಾರವೆಂಬ ಸಂಭ್ರಮ. ಕನ್ನಡದ ಅಡುಗೆಮನೆಯನ್ನು ಬಲ್ಲ ಯಾರಿಗಾದರೂ ಇದನ್ನು ಕೇಳಿ ನಗು ಬಂದೀತು.

ಹೀರೆಕಾಯಿಯ ಸಿಪ್ಪೆಯ ಚಟ್ನಿ ಮೈಸೂರಿನ ಕಡೆ ಹೀರೆಕಾಯಿಯಷ್ಟೇ ಹಳೆಯದು. ಕಿತ್ತಳೆಯ ಸಿಪ್ಪೆ ಗೊಜ್ಜಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಗಳಲ್ಲಿ ದಾಳಿಂಬೆಯ ಸಿಪ್ಪೆಯೂ ಮಾವಿನ ಗೊರಟೂ ತಂಬುಳಿಯಾಗುತ್ತವೆ. ಸೌತೆಯ ಬೀಜವನ್ನು ಅರೆದು ಸಾರು ಮಾಡುತ್ತಾರೆ. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿದ ಬಿಳಿಯ ಭಾಗ ಮರುದಿನ ಬೆಳಗಿನ ದೋಸೆಯಲ್ಲಿ ಸೇರುತ್ತದೆ. ಬಾಳೆಯ ಗೊನೆ ಕಡಿದ ಮೇಲೆ ದಿಂಡು ಪಲ್ಯಕ್ಕೆ, ಎಲೆ ಊಟಕ್ಕೆ, ನಾರು ಹೂಕಟ್ಟಲು. ಅದರ ಹೂವಿಗೆ ಒಂದು ಸೀಮೆಯಲ್ಲಿ ಪೂಂಬೆ ಎಂದರೆ ಇನ್ನೊಂದರಲ್ಲಿ ಕುಂಡಿಗೆ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನಕ್ಕೆ ಹೋಗುತ್ತಿತ್ತು. ಸುಮಾರು 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸೂಪಶಾಸ್ತ್ರಕ್ಕೂ ಒಂದೇ ಗ್ರಂಥದೊಳಗೆ ಸ್ಥಾನವಿದೆ. ಗಿಡ ಬೆಳೆಸುವ ವಿದ್ಯೆಯೂ ಅಡುಗೆಯ ವಿದ್ಯೆಯೂ ಆ ಕಾಲದವರಿಗೆ ಲೋಕದ ಉಪಕಾರಕ್ಕೆ ಬೇಕಾದ ನೆರೆಹೊರೆಯ ವಿದ್ಯೆಗಳು.

ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆಯುವುದು ಅದರ ಪದಗಳು. ಸಿಪ್ಪೆ, ತಿರುಳು, ಗೊರಟು, ತೊಟ್ಟು, ದಂಟು, ದಿಂಡು, ಕುಡಿ, ತೊಳೆ, ಗೂಂಜು, ನಾರು, ಕರಟ, ಹೀಚು. ಗಿಡದ ಒಂದೊಂದು ಅಂಗಕ್ಕೂ ಬೇರೆ ಬೇರೆ ಹೆಸರಿರುವುದು ಅಲಂಕಾರಕ್ಕಲ್ಲ. ಯಾವುದನ್ನು ಬಳಸುತ್ತೇವೆಯೋ ಅದಕ್ಕೆ ಹೆಸರು ಬೇಕಾಗುತ್ತದೆ. ಬಳಕೆ ನಿಂತೊಡನೆ ಹೆಸರು ಬಾಡುತ್ತದೆ. ಹೆಸರು ಬಾಡಿದ ಮೇಲೆ ಆ ಅಂಗವನ್ನು ಬಳಸಬಹುದೆಂಬ ತಿಳಿವೂ ಹೋಗುತ್ತದೆ. ಆಮೇಲೆ ಇವೆಲ್ಲಕ್ಕೂ ಒಂದೇ ಮಾತು ಸಾಕಾಗುತ್ತದೆ: ‘ವೇಸ್ಟ್’.

ಇದು ಕನ್ನಡಕ್ಕಷ್ಟೇ ಒದಗಿದ ಗತಿಯಲ್ಲ. ಇಂಗ್ಲಿಷಿನಲ್ಲಿ ‘ಗಾರ್ಬೇಜ್’ ಎಂಬ ಪದವನ್ನು ಇಂದು ಕಸದ ಬುಟ್ಟಿಯ ಹೊರಗೆ ಯಾರೂ ನೆನೆಯುವುದಿಲ್ಲ. ಹದಿನೈದನೆಯ ಶತಮಾನದ ಇಂಗ್ಲಿಷ್ ಅಡುಗೆಯ ಹಸ್ತಪ್ರತಿಯಲ್ಲಿ ಅದೇ ಪದ ಒಂದು ಪದಾರ್ಥದ ಹೆಸರಾಗಿದೆ: ಕೋಳಿಯ ತಲೆ, ಕಾಲು, ಪಿತ್ತಜನಕಾಂಗ ಮುಂತಾದುವನ್ನು ಬೇಯಿಸಿ ಬಡಿಸುತ್ತಿದ್ದ ಅಡುಗೆ. ‘ಆಫಲ್’ ಎಂಬ ಪದದ ಮೂಲಾರ್ಥ ಕೊಚ್ಚುವ ಮಣೆಯಿಂದ ಬಿದ್ದದ್ದು ಎಂದಷ್ಟೆ. ಊಟದ ಎಲೆಯ ಮೇಲಿದ್ದ ಪದ ಕೆಲವು ಶತಮಾನಗಳಲ್ಲಿ ತಿಪ್ಪೆಗೆ ಜಾರಿತು. ಪದದೊಡನೆ ಪದಾರ್ಥವೂ ಜಾರಿತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರವನ್ನು ಎಸೆದಿದೆ; ಅದರಲ್ಲಿ ಶೇ. 60ರಷ್ಟು ಹೋದದ್ದು ಮನೆಗಳಿಂದ. ಈ ಲೆಕ್ಕದಲ್ಲಿ ತಿನ್ನಬಹುದಾದ ಭಾಗವೂ ಸೇರಿದೆ, ತಿನ್ನಲಾಗದೆಂದು ಭಾವಿಸುವ ಸಿಪ್ಪೆ, ಮೂಳೆಗಳೂ ಸೇರಿವೆ. ಯಾವುದು ತಿನ್ನಲಾಗದ್ದು ಎಂಬುದನ್ನು ತೀರ್ಮಾನಿಸುವವರು ಯಾರು? ಒಂದು ಮನೆಯಲ್ಲಿ ಬುಟ್ಟಿಗೆ ಹೋಗುವ ಹೀರೆಯ ಸಿಪ್ಪೆ ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಕಾದಿರುತ್ತದೆ. ಎರಡು ಮನೆಗಳ ನಡುವಿನ ಅಂತರ ಬಹುತೇಕ ಶಬ್ದಕೋಶದ ಅಂತರ.

ಆದ್ದರಿಂದ ನನ್ನ ವಾದ ಇಷ್ಟು: ಕಿಟಕಿಯ ಕಟ್ಟೆಯ ಮೇಲೆ ಮಕ್ಕಳೊಡನೆ ಬೆಳೆಯಬೇಕಾದದ್ದು ಮುಖ್ಯವಾಗಿ ಸೊಪ್ಪಲ್ಲ, ಪದ. ಊರು ಬಿಟ್ಟ ಕನ್ನಡಿಗರಿಗಂತೂ ಇದು ನೇರವಾಗಿ ತಟ್ಟುವ ಸಂಗತಿ. ವರ್ಗಾವಣೆಯ ನೌಕರಿಯವರಿಗೆ ಹಿತ್ತಿಲಿಲ್ಲ. ಮೂರನೆಯ ಮಹಡಿಯ ಕ್ವಾರ್ಟರ್ಸಿನಲ್ಲಿ ಗ್ರಿಲ್ ಹಾಕಿದ ಒಂದು ಕಿಟಕಿ, ಅದರ ಮುಂದೆ ಒಂದು ಗೇಣು ಸಿಮೆಂಟು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂದು ಮೂರು ಪಾಲಾಗಿ ಬೆಳೆಯುತ್ತಾರೆ. ಆ ಮನೆಗನ್ನಡದಲ್ಲಿ ‘ಊಟ ಆಯ್ತಾ’, ‘ಬೇಗ ಮಲಗು’ ಉಳಿಯುತ್ತವೆ. ಗೊರಟು, ಹೀಚು, ಕುಡಿ ಉಳಿಯುವುದಿಲ್ಲ. ಅವನ್ನು ಆಡಲು ಸಂದರ್ಭವೇ ಇರುವುದಿಲ್ಲ. ಭಾನುವಾರದ ಕನ್ನಡ ತರಗತಿ ಅಕ್ಷರವನ್ನು ಕೊಟ್ಟೀತು, ಸಂದರ್ಭವನ್ನು ಕೊಡಲಾರದು. ಸಂದರ್ಭವನ್ನು ಒಂದು ಲೋಟ ನೀರು ಕೊಡುತ್ತದೆ.

ಮಾಡುವ ಬಗೆ ಸರಳ. ಪುದೀನದ ಬಲಿತ ಕಡ್ಡಿಯನ್ನು ನಾಲ್ಕು ಬೆರಳುದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಗಿಣ್ಣು ಮುಳುಗುವಂತೆ ನೀರಿನಲ್ಲಿಟ್ಟರೆ ಒಂದೆರಡು ವಾರದೊಳಗೆ ಬಿಳಿಯ ಬೇರು ಕಾಣುತ್ತದೆ. ‘ಗಿಣ್ಣು’ ಎಂಬ ಪದವನ್ನು ಮಗು ಅಲ್ಲಿ ಕಣ್ಣಾರೆ ಕಲಿಯುತ್ತದೆ, ಏಕೆಂದರೆ ಬೇರು ಹೊರಡುವುದು ಅಲ್ಲಿಂದಲೇ. ಬಸಳೆ, ದೊಡ್ಡಪತ್ರೆ, ಹೊನಗೊನೆಗಳ ದಂಟನ್ನು ನೇರವಾಗಿ ಮಣ್ಣಿಗೆ ಊರಿದರೂ ಸಾಕು. ಒಗ್ಗರಣೆ ಡಬ್ಬಿಯ ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ಚೆಲ್ಲಿದರೆ ಮೂರು ನಾಲ್ಕು ದಿನಗಳಲ್ಲಿ ಮೊಳಕೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು. ಕುಂಡಕ್ಕೆ ಹಣ ಕೊಡಬೇಕಾಗಿಲ್ಲ. ತೆಂಗಿನ ಕರಟಕ್ಕೆ ತಳದಲ್ಲಿ ತೂತು ಕೊರೆದರೆ ಮೆಂತ್ಯಕ್ಕೆ ಅಷ್ಟು ಸಾಕು. ಚೆನ್ನೈನ ಕತ್ತಿರಿ ಬಿಸಿಲಿನಲ್ಲಿ ಕೊತ್ತಂಬರಿಯನ್ನು ಹಾಕಿ ಕೊರಗುವುದಕ್ಕಿಂತ, ಹಿಂಗಾರು ಮಳೆ ಇಳಿದ ಮೇಲೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಹಾಕುವುದು ಮೇಲು. ಲೋಟದ ನೀರನ್ನು ದಿನವೂ ಬದಲಿಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುವುದರಿಂದ ಲೋಟವನ್ನು ತಿಕ್ಕಿ ತೊಳೆಯಲೂಬೇಕು.

ಇಲ್ಲಿ ತಮಿಳೂ ಹಗೆಯಲ್ಲ, ನೆಂಟ. ನಮ್ಮ ‘ದಂಟು’ ಬೀದಿಯ ಕೀರೈ ಮಾರುವವರ ಬಾಯಲ್ಲಿ ‘ತಂಡು’. ನಮ್ಮ ‘ಮೊಳಕೆ’ ಅವರ ‘ಮುಳೈ’. ನಮ್ಮ ‘ಬೇರು’ ಅವರ ‘ವೇರ್’. ಅವರ ‘ಪಿಂಜು’ ನಮ್ಮಲ್ಲಿ ‘ಹೀಚು’. ಪಕಾರ ಹಕಾರವಾದ ಕನ್ನಡದ ಚರಿತ್ರೆಯನ್ನು ಎಳೆಯ ಬದನೆಕಾಯಿಯೊಂದನ್ನು ಹಿಡಿದುಕೊಂಡೇ ಮಗುವಿಗೆ ಹೇಳಬಹುದು. ಪಾಠಪುಸ್ತಕದ ಭಾಷಾವಿಜ್ಞಾನಕ್ಕಿಂತ ಅದು ಬೇಗ ನಾಟುತ್ತದೆ.

ಹೆಸರಿಗೆ ಇನ್ನೊಂದು ಕೆಲಸವಿದೆ, ಎಚ್ಚರಿಸುವುದು. ಸಿಪ್ಪೆಯನ್ನೆಲ್ಲ ತಿನ್ನಿ ಎಂಬ ಹೊಸ ಉತ್ಸಾಹ ಈ ವಿವೇಕವನ್ನು ಕೈಬಿಟ್ಟರೆ ಅಪಾಯ. ಹಸಿರು ತಿರುಗಿದ ಆಲೂಗಡ್ಡೆಯಲ್ಲೂ ಅದರ ಮೊಳಕೆಯಲ್ಲೂ ಸೋಲನಿನ್ ಎಂಬ ವಿಷವಿರುತ್ತದೆ. ಅದನ್ನು ನೆಡಬಹುದು, ತಿನ್ನಬಾರದು. ಮರಗೆಣಸಿನ ಸಿಪ್ಪೆ ತಿನ್ನತಕ್ಕದ್ದಲ್ಲ. ಕಳಲೆಯನ್ನು ಹೆಚ್ಚಿ ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿದ ಮೇಲೆಯೇ ಒಲೆಗೇರಿಸುವುದು ಮಲೆನಾಡಿನ ಪದ್ಧತಿ; ಕೆಸುವಿನ ಎಲೆಗೆ ಹುಣಿಸೆಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಯಾವುದನ್ನು, ಹೇಗೆ, ಎಷ್ಟು ಎಂಬುದು ಹೆಸರಿನೊಡನೆಯೇ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದ ಪರೀಕ್ಷಿತ ಜ್ಞಾನ. ಕೀಟನಾಶಕ ಸಿಂಪಡಿಸಿದ ಇಂದಿನ ಪೇಟೆಯ ತರಕಾರಿಗೆ ಆ ಜ್ಞಾನ ಮಾತ್ರ ಸಾಲದು. ಸಿಪ್ಪೆ ಬಳಸುವುದಾದರೆ ಚೆನ್ನಾಗಿ ತಿಕ್ಕಿ ತೊಳೆಯುವುದು ಕಡ್ಡಾಯ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ನ್ಯಾಯವಾದವು. ಒಂದು, ಆ ಹಳೆಯ ಅಡುಗೆಮನೆಯನ್ನು ಹೊಗಳುವವರು ಅಲ್ಲಿ ದುಡಿದವರನ್ನು ಮರೆಯುತ್ತಾರೆ ಎಂಬುದು. ಬಾಳೆದಿಂಡಿನ ನಾರು ತೆಗೆದವರು, ಬಾಳೆಹೂವನ್ನು ಎಸಳೆಸಳಾಗಿ ಬಿಡಿಸಿದವರು ಹೆಂಗಸರು. ಅವರ ಹೊತ್ತಿಗೆ ಯಾರೂ ಬೆಲೆ ಕಟ್ಟಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗುವ ಮನೆಯಲ್ಲಿ ‘ನಮ್ಮಜ್ಜಿ ಏನನ್ನೂ ಎಸೆಯುತ್ತಿರಲಿಲ್ಲ’ ಎಂದು ನಿಟ್ಟುಸಿರಿಡುವ ಗಂಡಸು ಮೊದಲು ಈಳಿಗೆಮಣೆಯ ಮುಂದೆ ಕೂರಬೇಕು. ಮಗ ಅವನ ಪಕ್ಕದಲ್ಲಿ ಕೂರಬೇಕು. ಹಳೆಯ ಪದಗಳನ್ನು ಉಳಿಸುವ ಹೊಣೆ ಮತ್ತೆ ಮಗಳ ತಲೆಗೇ ಬಿದ್ದರೆ ಉಳಿದದ್ದು ಪದವಲ್ಲ, ಹಳೆಯ ಅನ್ಯಾಯ.

ಎರಡನೆಯದು ಇನ್ನೂ ಕಠಿಣ. ಮಾರುಕಟ್ಟೆಯ ನೆಲದಿಂದ ಚೆಲ್ಲಿದ ತರಕಾರಿಯನ್ನು ಆಯ್ದು ಮನೆಗೆ ಒಯ್ಯುವವರು ಈ ನಗರದಲ್ಲಿದ್ದಾರೆ. ಅವರಿಗೆ ಸಿಪ್ಪೆಯೂ ಬುಡವೂ ಹವ್ಯಾಸವಲ್ಲ, ರಾತ್ರಿಯ ಊಟ. ಜಾರ್ಜ್ ಟೌನಿನ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ನಡೆಸುವವರಿಗೆ ಬಿಸಿಲು ಬೀಳುವ ಕಿಟಕಿಯೇ ಭಾಗ್ಯ. ಹೀಗಿರುವಾಗ ಸಂಬಳದವರು ಈರುಳ್ಳಿಯ ಬುಡ ಚಿಗುರಿಸಿ ಹಿಗ್ಗುವುದರಲ್ಲಿ ಒಂದು ಅಣಕವಿಲ್ಲವೆ? ಇದೆ, ಆ ಹಿಗ್ಗು ಅಲ್ಲಿಗೇ ನಿಂತರೆ. ಹಸಿವು ಕಲಿಸಿದ ಮಿತವ್ಯಯವನ್ನು ಬಡವರ ಸದ್ಗುಣವೆಂದು ಕೊಂಡಾಡುವುದು ಕ್ರೌರ್ಯ. ಅವರಿಗೆ ಬೇಕಾದದ್ದು ನಮ್ಮ ಮೆಚ್ಚುಗೆಯಲ್ಲ, ಸಾಕಷ್ಟು ಕೂಲಿ ಮತ್ತು ತಾಜಾ ತರಕಾರಿ. ಆದರೆ ಒಂದು ಎಲೆ ಬರಲು ಎಷ್ಟು ದಿನ ಬೇಕೆಂದು ಎಣಿಸಿದ ಮಗು ಕೀರೈಯ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವ ತಂದೆಯನ್ನು ತಡೆದೀತು. ಆ ಎಣಿಕೆಯನ್ನು ಯಾವ ಪಾಠವೂ ಕಲಿಸುವುದಿಲ್ಲ, ಕಾಯುವಿಕೆ ಕಲಿಸುತ್ತದೆ.

ಗಿಡ ಸಾಯುವುದೂ ಉಂಟು. ಮೇ ತಿಂಗಳಲ್ಲಿ ಎರಡು ದಿನ ಊರಿಗೆ ಹೋಗಿ ಬಂದರೆ ಪುದೀನ ಕಡ್ಡಿಯಾಗಿರುತ್ತದೆ. ಆಗ ಮಗುವಿಗೆ ಹೊಸ ಗಿಡ ಕೊಡಿಸುವ ಅವಸರ ಬೇಡ. ಒಣಗಿದ್ದನ್ನು ಕಿತ್ತು, ಪುಡಿ ಮಾಡಿ, ಅದೇ ಕುಂಡದ ಮಣ್ಣಿಗೆ ಬೆರೆಸಲಿ. ಅದಕ್ಕೂ ಕನ್ನಡದಲ್ಲಿ ಹೆಸರಿದೆ: ಗೊಬ್ಬರ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದ್ದವು. ನಿಯಮದ ಭಾಷೆಯಲ್ಲಿ ಅವು ಎರಡು ಬುಟ್ಟಿಗಳು. ಹೆಸರು ಬಲ್ಲ ಮನೆಯಲ್ಲಿ ಹಸಿಯ ಬುಟ್ಟಿಗೆ ಬೀಳಲು ಹೆಚ್ಚೇನೂ ಉಳಿದಿರುವುದಿಲ್ಲ.

ನಮ್ಮ ಬಳಗದ ಓದುಗರಲ್ಲಿ ಹೊರನಾಡಿನ ಮಕ್ಕಳಿಗೆ ಕನ್ನಡ ಹೇಳಿಕೊಡುವವರು ಹಲವರಿದ್ದಾರೆ. ಮುಂದಿನ ತರಗತಿಗೆ ಕಾಗುಣಿತದ ಪುಸ್ತಕದ ಜೊತೆಗೆ ಒಂದು ಹೀರೆಕಾಯಿ, ಒಂದು ಕಟ್ಟು ಪುದೀನ, ಒಂದು ಕರಟ ಒಯ್ಯಿರಿ. ಮಕ್ಕಳು ಮುಟ್ಟಿ ನೋಡಲಿ, ಹೆಸರು ಕೇಳಲಿ. ಸಿಪ್ಪೆಯನ್ನು ಮಾತ್ರ ಅಲ್ಲಿ ಬಿಟ್ಟು ಬರಬೇಡಿ. ಎರಡು ಒಣಮೆಣಸಿನಕಾಯಿ, ಒಂದು ಹಿಡಿ ಉದ್ದಿನಬೇಳೆ, ಚೂರು ಹುಣಿಸೆಹಣ್ಣಿನೊಡನೆ ಅದು ಆ ರಾತ್ರಿಯ ಚಟ್ನಿಯಾಗಲಿ.